ಇಷ್ಟ, ಅಗತ್ಯ, ಉಪಯೋಗ: ಬಿಸಿಲಿನಲ್ಲಿ ಪ್ರಾಣಿಗಳು ಕುಡಿಯುವ ನೀರಿನ ಸಂಶೋಧನೆಗಳ ಒಂದು ವಿಮರ್ಶೆ

ಬೇಸಿಗೆ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ನೀರಿನ ಬಗ್ಗೆ ಉಪದೇಶಗಳು ಹರಿದುಬರುತ್ತವೆ. ಫ್ರಿಜ್ಜಿನ ನೀರು ಕುಡಿದರೆ ಮಾತ್ರ ಮೈ ತಂಪಾಗುತ್ತದೆ ಎಂದು ಒಬ್ಬರು ಬರೆಯುತ್ತಾರೆ. ತಣ್ಣೀರು ಕುಡಿದರೆ ಜಠರಾಗ್ನಿ ಆರಿಹೋಗುತ್ತದೆ, ಬಿಸಿನೀರೇ ಒಳ್ಳೆಯದು ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ವಾದ ಬಿಸಿಯೇರಿದಾಗ ಇಬ್ಬರೂ ಒಂದೇ ಸಾಕ್ಷಿಯನ್ನು ಕರೆಯುತ್ತಾರೆ: "ಪ್ರಾಣಿಗಳನ್ನು ನೋಡಿ. ಅವಕ್ಕೆ ಯಾವ ಡಾಕ್ಟರೂ ಹೇಳಿಕೊಡುವುದಿಲ್ಲ. ತಮಗೆ ಏನು ಬೇಕೋ ಅದನ್ನೇ ಕುಡಿಯುತ್ತವೆ."

ಈ ಲೇಖನದಲ್ಲಿ ಆ ಸಾಕ್ಷಿಯನ್ನೇ ವಿಚಾರಣೆ ಮಾಡಬೇಕೆಂದಿದ್ದೇನೆ. ನಾನು ವೃತ್ತಿಯಿಂದ ವೈದ್ಯ, ಪಶುವೈದ್ಯನಲ್ಲ. ಆದರೆ ಶರೀರಶಾಸ್ತ್ರದ ಪಾಠಗಳಲ್ಲಿ ಬಹುಪಾಲು ಇಲಿ, ಕುರಿ, ದನಗಳ ಮೇಲೆ ನಡೆದ ಪ್ರಯೋಗಗಳಿಂದಲೇ ಬಂದವು. ನಿವೃತ್ತಿಯ ಬಿಡುವಿನಲ್ಲಿ ಈ ವಿಷಯದ ಹಳೆಯ ಮತ್ತು ಹೊಸ ಪ್ರಬಂಧಗಳನ್ನು ಓದುತ್ತ ಹೋದಾಗ ಒಂದು ಸಂಗತಿ ಸಂತೋಷ ಕೊಟ್ಟಿತು. ನಾವು ಬಂದು ನೆಲೆಸಿರುವ ಬ್ರಿಸ್ಬೇನ್, ಅಡಿಲೇಡ್ ಮತ್ತು ಪರ್ತ್ ನಗರಗಳಲ್ಲೇ ಈ ವಿಷಯದ ಮುಖ್ಯ ಕೆಲಸ ಎಷ್ಟೋ ನಡೆದಿದೆ. ಜೊತೆಗೆ ಒಂದು ಅಸಮಾಧಾನವೂ ಉಳಿಯಿತು. ಸಂಶೋಧಕರು ಅಳೆದದ್ದು ಒಂದಾದರೆ, ಅದನ್ನು ಓದಿದ ಜನ ತೆಗೆದ ತೀರ್ಮಾನ ಇನ್ನೊಂದು.

ಮೂರು ಪ್ರಶ್ನೆಗಳು, ಮೂರು ಅಳತೆಗಳು

ಸುತ್ತಲ ಬಿಸಿ ಏರಿದಾಗ ಒಂದು ಪ್ರಾಣಿ ಕುಡಿಯುವ ಬಗೆಯನ್ನು ಕುರಿತು ಮೂರು ಪ್ರಶ್ನೆ ಕೇಳಬಹುದು. ಎರಡು ಪಾತ್ರೆಗಳನ್ನಿಟ್ಟರೆ ಯಾವುದಕ್ಕೆ ಬಾಯಿ ಹಾಕುತ್ತದೆ? ಇದು ಇಷ್ಟದ ಪ್ರಶ್ನೆ. ಅದರ ದೇಹದಿಂದ ಎಷ್ಟು ನೀರು ಮತ್ತು ಉಪ್ಪು ಹೊರಹೋಗಿದೆ, ಎಷ್ಟು ತುಂಬಬೇಕು? ಇದು ಅಗತ್ಯದ ಪ್ರಶ್ನೆ. ಕುಡಿದದ್ದರಿಂದ ಅದರ ಮೈ ತಾಪ ಇಳಿಯಿತೇ, ಹೆಚ್ಚು ಮೇವು ತಿಂದಿತೇ, ಬದುಕಿತೇ? ಇದು ಉಪಯೋಗದ ಪ್ರಶ್ನೆ.

"ಪ್ರಾಣಿಗೆ ತನಗೇನು ಬೇಕೆಂದು ಗೊತ್ತು" ಎನ್ನುವವರು ಈ ಮೂರಕ್ಕೂ ಒಂದೇ ಉತ್ತರವಿದೆ ಎಂದು ನಂಬಿರುತ್ತಾರೆ. ಆ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. 1930ರ ದಶಕದಲ್ಲಿ ಅಮೆರಿಕದ ಕರ್ಟ್ ರಿಕ್ಟರ್ ಇಲಿಗಳ ಅಡ್ರಿನಲ್ ಗ್ರಂಥಿಗಳನ್ನು ತೆಗೆದರು. ಆ ಗ್ರಂಥಿಗಳಿಲ್ಲದೆ ದೇಹದಲ್ಲಿ ಉಪ್ಪು ನಿಲ್ಲುವುದಿಲ್ಲ, ಇಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಆದರೆ ಪಕ್ಕದಲ್ಲಿ ಉಪ್ಪುನೀರಿಟ್ಟಾಗ ಅವು ಅದನ್ನೇ ಹುಡುಕಿ ಕುಡಿದು ಬದುಕಿದವು. ಮೆಲ್ಬರ್ನಿನ ಡೆರೆಕ್ ಡೆಂಟನ್ ಕುರಿಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿ, ಉಪ್ಪಿನ ಕೊರತೆಯಾದ ಕುರಿ ಕೊರತೆಗೆ ತಕ್ಕಷ್ಟು ಉಪ್ಪುನೀರು ಕುಡಿಯುತ್ತದೆ ಎಂದು ತೋರಿಸಿದರು. ಇಲ್ಲಿ ಇಷ್ಟ, ಅಗತ್ಯ, ಉಪಯೋಗ ಮೂರೂ ಒಂದೇ ದಾರಿಯಲ್ಲಿ ನಡೆದಿವೆ. ನಮ್ಮ ಹಳ್ಳಿಗಳಲ್ಲಿ ದನಕ್ಕೆ ಕಲಗಚ್ಚಿಗೆ ಬೂಸಾ ಬೆರೆಸಿ ಒಂದು ಹಿಡಿ ಉಪ್ಪು ಹಾಕುತ್ತಿದ್ದವರಿಗೆ ಈ ಪ್ರಬಂಧಗಳ ಅಗತ್ಯವಿರಲಿಲ್ಲ. ಬರಿಯ ನೀರಿಗೆ ಮುಖ ತಿರುಗಿಸಿದ ಎಮ್ಮೆ ಕಲಗಚ್ಚಿನ ಬಾನಿಗೆ ಬಾಯಿ ಹಾಕುವುದನ್ನು ಅವರು ದಿನವೂ ನೋಡುತ್ತಿದ್ದರು.

ಉಪ್ಪಿನ ವಿಷಯದಲ್ಲಿ ನಿಜವಾದದ್ದು ತಂಪಿನ ವಿಷಯದಲ್ಲೂ ನಿಜವೇ? ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಬ್ರಿಸ್ಬೇನ್: ಬಿಸಿ ಕೋಣೆಯಿಂದ ಗ್ಯಾಟನ್‌ವರೆಗೆ

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಿ. ಎಚ್. ಕೆ. ಲೀ ಮತ್ತು ಅವರ ಸಹೋದ್ಯೋಗಿಗಳು 1940ರ ಸುಮಾರಿಗೆ ತಾಪ ಮತ್ತು ತೇವಗಳನ್ನು ಬೇಕಾದಂತೆ ಏರಿಳಿಸಬಲ್ಲ ಕೋಣೆಯೊಂದರಲ್ಲಿ ಕೋಳಿ, ಹಂದಿ, ಕುರಿ, ಬೆಕ್ಕು ಮುಂತಾದವನ್ನು ಒಂದೊಂದಾಗಿ ಇಟ್ಟು ಪರೀಕ್ಷಿಸಿದರು. ಮೈ ತಾಪ, ಉಸಿರಾಟದ ವೇಗ, ನಾಡಿಬಡಿತ ಎಲ್ಲವನ್ನೂ ಬರೆದಿಟ್ಟರು. ಒಂದೇ ಬಿಸಿಗೆ ಬೇರೆಬೇರೆ ಪ್ರಾಣಿಗಳು ಬೇರೆಬೇರೆಯಾಗಿ ಸ್ಪಂದಿಸುತ್ತವೆ ಎಂಬುದನ್ನು ಅಂಕಿಗಳಲ್ಲಿ ತೋರಿಸಿದ ಆರಂಭದ ಕೆಲಸಗಳಲ್ಲಿ ಇದೂ ಒಂದು. ಇಂದಿಗೂ ನನಗೆ ಮೆಚ್ಚುಗೆಯಾಗುವುದು ಅವರು ಗಾಳಿಯ ತೇವವನ್ನು ತಾಪದಷ್ಟೇ ಗಂಭೀರವಾಗಿ ಪರಿಗಣಿಸಿದ್ದು. ಬ್ರಿಸ್ಬೇನಿನ ಬೇಸಿಗೆಯನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ.

ಅದೇ ವಿಶ್ವವಿದ್ಯಾಲಯದ ಗ್ಯಾಟನ್ ಕ್ಯಾಂಪಸ್ ನಗರದ ಪಶ್ಚಿಮಕ್ಕಿದೆ. ಅಲ್ಲಿನ ಜಾನ್ ಗಾಹನ್ ಮತ್ತು ಸಂಗಡಿಗರು 2008ರಲ್ಲಿ ಕೊಟ್ಟಿಗೆಯಲ್ಲಿ ಕೊಬ್ಬಿಸುವ ದನಗಳಿಗಾಗಿ ಒಂದು ಹೊಸ ಸೂಚ್ಯಂಕ ಪ್ರಕಟಿಸಿದರು. ಬಿಸಿಲಿನ ಕಾವು, ಗಾಳಿಯ ತೇವ, ಗಾಳಿಯ ವೇಗ ಮೂರನ್ನೂ ಸೇರಿಸಿ ಒಂದು ಅಂಕ. ನೆರಳಿಲ್ಲದೆ ನಿಂತ ಆರೋಗ್ಯವಂತ ಕಪ್ಪು ಆಂಗಸ್ ಹೋರಿಗೆ ಆ ಅಂಕ 86 ದಾಟಿತೆಂದರೆ ಮೈಯಲ್ಲಿ ಬಿಸಿ ಸೇರತೊಡಗುತ್ತದೆ. ನಮ್ಮ ಊರುಗಳ ದನದಂತೆ ಡುಬ್ಬವಿರುವ ತಳಿಗೆ ಈ ಮಿತಿ ಇನ್ನೂ ಮೇಲಿದೆ. ಮಿತಿಯನ್ನು ಏರಿಸುವ ಇಳಿಸುವ ಅಂಶಗಳ ಪಟ್ಟಿಯಲ್ಲಿ ಕುಡಿಯುವ ನೀರಿನ ತಾಪವೂ ಇದೆ, ನೆರಳೂ ಇದೆ. ಈ ಪಟ್ಟಿಯಲ್ಲಿ ನನ್ನ ಗಮನ ಸೆಳೆದದ್ದು ಅವುಗಳ ತೂಕ. ನೆರಳಿಗೆ ಸಿಗುವ ಅಂಕ ನೀರಿನ ತಂಪಿಗೆ ಸಿಗುವುದಕ್ಕಿಂತ ಹಲವು ಪಟ್ಟು ಹೆಚ್ಚು. ನೀರು ಬೇಡವೆಂದಲ್ಲ, ನೀರಿಲ್ಲದೆ ಏನೂ ಇಲ್ಲ. ಆದರೆ ನೀರನ್ನು ತಣ್ಣಗೆ ಮಾಡುವ ಯಂತ್ರಕ್ಕಿಂತ ಮೇಲೊಂದು ಚಪ್ಪರ ಹೆಚ್ಚು ಕೆಲಸ ಮಾಡುತ್ತದೆ.

ಇದರ ಜೊತೆಗೆ ಇಟ್ಟು ಓದಬೇಕಾದದ್ದು ಅಮೆರಿಕದ ಟೆಕ್ಸಾಸಿನಲ್ಲಿ ವಿಲ್ಕ್ಸ್ ಮತ್ತು ಸಂಗಡಿಗರು ಹಾಲು ಕರೆಯುವ ಹಸುಗಳ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನ. ಕಡು ಬಿಸಿಲಿನಲ್ಲಿ ಕೆಲವು ಹಸುಗಳಿಗೆ ಸುಮಾರು 10 ಡಿಗ್ರಿಯ ನೀರು, ಕೆಲವಕ್ಕೆ 27 ಡಿಗ್ರಿಯ ನೀರು. ತಣ್ಣೀರು ಸಿಕ್ಕ ಹಸುಗಳು ಹೆಚ್ಚು ಮೇವು ತಿಂದವು, ಹೆಚ್ಚು ಹಾಲು ಕೊಟ್ಟವು, ಅವುಗಳ ಏದುಸಿರು ಕಡಿಮೆಯಾಯಿತು. ಉಪಯೋಗ ಸ್ಪಷ್ಟ. ಆಮೇಲೆ ಎರಡೂ ಬಗೆಯ ನೀರನ್ನು ಒಟ್ಟಿಗೆ ಇಟ್ಟು ಆಯ್ಕೆಯನ್ನು ಹಸುಗಳಿಗೇ ಬಿಟ್ಟರು. ಅವು ಬಹುಪಾಲು ಕುಡಿದದ್ದು 27 ಡಿಗ್ರಿಯ ನೀರನ್ನೇ!

ಈ ಒಂದು ಫಲಿತಾಂಶ ಸಾಕು, ನಮ್ಮ ವಾಟ್ಸಾಪ್ ಸಾಕ್ಷಿಯ ಮಾತು ಕುಸಿಯುತ್ತದೆ. ತನಗೆ ಒಳ್ಳೆಯದಾದ ನೀರನ್ನು ಹಸು ಆರಿಸಲಿಲ್ಲ. ಹಾಗೆಂದು ಅದು ದಡ್ಡ ಪ್ರಾಣಿಯಲ್ಲ. ಹುಟ್ಟಿದಂದಿನಿಂದ ಕುಡಿದ ನೀರಿನ ರೂಢಿ ಅದಕ್ಕಿದೆ. ಒಂದೇ ಸಲಕ್ಕೆ ಹೊಟ್ಟೆ ತುಂಬ ಹೀರುವ ಪ್ರಾಣಿಗೆ ಹದವಾದ ನೀರೇ ಸಲೀಸು ಎಂದು ನನಗೆ ಅನ್ನಿಸುತ್ತದೆ. ಕಾರಣ ಏನೇ ಇರಲಿ, ಇಷ್ಟವನ್ನು ಅಳೆದು ಉಪಯೋಗವನ್ನು ಅಳೆದೆವೆಂದು ಹೇಳಲಾಗದು.

ಅಡಿಲೇಡ್: ಉಪ್ಪುನೀರು, ಒಣಹವೆ ಮತ್ತು ಒಂದು ಕೊಆಲಾ

ದಕ್ಷಿಣ ಆಸ್ಟ್ರೇಲಿಯದ ಒಳನಾಡಿನಲ್ಲಿ ಕೊಳವೆಬಾವಿಯ ನೀರು ಹಲವೆಡೆ ಉಪ್ಪು. ಕುರಿ ಎಷ್ಟು ಉಪ್ಪಿನ ನೀರನ್ನು ತಾಳಿಕೊಳ್ಳಬಲ್ಲದು ಎಂಬುದು ಇಲ್ಲಿ ರೈತನ ಜೀವನದ ಪ್ರಶ್ನೆ. ಅಡಿಲೇಡಿನಲ್ಲಿ ಸಿ.ಎಸ್.ಐ.ಆರ್.ಒ. ಸಂಸ್ಥೆಯ ಎ. ಡಬ್ಲ್ಯು. ಪಿಯರ್ಸ್ 1957ರಿಂದ ಪ್ರಕಟಿಸಿದ ಸರಣಿ ಪ್ರಬಂಧಗಳು ಇದಕ್ಕೆ ಉತ್ತರ ಕೊಟ್ಟವು. ಶೇಕಡಾ 1.3ರಷ್ಟು ಉಪ್ಪು ಬೆರೆತ ನೀರನ್ನು ಮೆರಿನೊ ಕುರಿಗಳು ಹೆಚ್ಚು ತೊಂದರೆಯಿಲ್ಲದೆ ತಾಳಿದವು, ಶೇಕಡಾ 2ರಲ್ಲಿ ಸೊರಗಿದವು. ಅಚ್ಚುಕಟ್ಟಾದ ಕೆಲಸ. ಆದರೆ ವೈದ್ಯನ ಕಣ್ಣಿಂದ ನೋಡಿದರೆ ಆ ಶೇಕಡಾವಾರು ಅಂಕಿಯೊಂದೇ ಸಾಲದು. ಬೇಸಿಗೆಯಲ್ಲಿ ಕುರಿ ಚಳಿಗಾಲಕ್ಕಿಂತ ಇಮ್ಮಡಿ ನೀರು ಕುಡಿಯಿತೆಂದರೆ ಅದರ ಹೊಟ್ಟೆಗೆ ಇಮ್ಮಡಿ ಉಪ್ಪೂ ಹೋಗುತ್ತದೆ. ನೀರಿನ ರುಚಿ ಬದಲಾಗದೆ ಇದ್ದರೂ ಮೂತ್ರಪಿಂಡದ ಹೊರೆ ಬದಲಾಗುತ್ತದೆ. ಸುತ್ತಲ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ "ಸುರಕ್ಷಿತ ಮಿತಿ" ಎಂಬುದು ಅರ್ಧ ವಾಕ್ಯ ಮಾತ್ರ. ರೋಗಿಗೆ ದಿನಕ್ಕೆ ಎಷ್ಟು ಸಲ ಎಂದು ಹೇಳದೆ ಮಾತ್ರೆಯ ಮಿಲಿಗ್ರಾಂ ಮಾತ್ರ ಹೇಳಿದಂತೆ.

ಈ ಅರ್ಧ ವಾಕ್ಯವನ್ನು ಪೂರ್ತಿ ಮಾಡುವತ್ತ ನಡೆದವರು ಡಬ್ಲ್ಯು. ವಿ. ಮ್ಯಾಕ್‌ಫಾರ್ಲೇನ್. 1950ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿನ ಮೆರಿನೊ ಕುರಿಗಳ ನೀರಿನ ಜಮಾಖರ್ಚನ್ನು ಅಳೆದ ಅವರು ಮುಂದೆ ಅಡಿಲೇಡಿನ ವೇಟ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅವರ ವಿಧಾನ ಸೊಗಸಾಗಿತ್ತು. ಪ್ರಾಣಿಯ ಮೈಗೆ ಟ್ರಿಟಿಯಂ ಗುರುತಿನ ನೀರು ಚುಚ್ಚಿ, ದಿನಗಳು ಕಳೆದಂತೆ ಆ ಗುರುತು ಎಷ್ಟು ತೆಳುವಾಯಿತೆಂದು ನೋಡಿದರೆ, ಎಷ್ಟು ನೀರು ಒಳಬಂದು ಹೊರಹೋಯಿತೆಂದು ತಿಳಿಯುತ್ತದೆ. ಪಾತ್ರೆಯ ಪಕ್ಕ ಕಾದು ಕೂರಬೇಕಿಲ್ಲ, ಪ್ರಾಣಿಯನ್ನು ಪಂಜರದಲ್ಲಿ ಇಡಬೇಕಿಲ್ಲ. ಒಂದೇ ಬಿಸಿಲಿನಲ್ಲಿ ದನದ ನೀರಿನ ವಹಿವಾಟು ದೊಡ್ಡದು, ಕುರಿಯದು ಅದಕ್ಕಿಂತ ಚಿಕ್ಕದು, ಒಂಟೆಯದು ಎಲ್ಲಕ್ಕಿಂತ ಚಿಕ್ಕದು ಎಂದು ಅವರ ಅಳತೆಗಳು ತೋರಿಸಿದವು. ಇದು ಅಗತ್ಯದ ಅಳತೆ. ಇಷ್ಟದ ಬಗ್ಗೆ ಈ ವಿಧಾನ ಏನನ್ನೂ ಹೇಳುವುದಿಲ್ಲ, ಹೇಳುತ್ತೇನೆಂದು ನಟಿಸುವುದೂ ಇಲ್ಲ. ನಾನು ಓದಿದವುಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಂಡ ಕೆಲಸ ಇದೇ.

ಇನ್ನು ಕೊಆಲಾ. 2019ರ ಡಿಸೆಂಬರಿನ ಉರಿಬಿಸಿಲಿನಲ್ಲಿ ಅಡಿಲೇಡ್ ಬೆಟ್ಟಗಳ ರಸ್ತೆಯಲ್ಲಿ ಸೈಕಲ್ ಸವಾರರ ಬಾಟಲಿಯಿಂದ ಕೊಆಲಾ ಒಂದು ನೀರು ಗುಟುಕರಿಸಿದ ದೃಶ್ಯವನ್ನು ಜಗತ್ತೇ ನೋಡಿತು. ನಮ್ಮಲ್ಲಿ ಎಷ್ಟೋ ಜನ ಊರಿನ ಬಂಧುಗಳಿಗೂ ಕಳುಹಿಸಿದ್ದೇವೆ. ಕೊಆಲಾ ನೀರನ್ನೇ ಕುಡಿಯುವುದಿಲ್ಲ ಎಂಬ ಹಳೆಯ ನಂಬಿಕೆ ಆ ದಿನ ಮುರಿದುಬಿತ್ತು. ಆದರೆ ಅದಕ್ಕಿಂತ ಸೂಕ್ಷ್ಮವಾದ ಕೆಲಸವನ್ನು ಸಿಡ್ನಿ ವಿಶ್ವವಿದ್ಯಾಲಯದ ವ್ಯಾಲೆಂಟಿನಾ ಮೆಲ್ಲಾ ಮಾಡಿದ್ದಾರೆ. ಗನ್ನೆಡಾ ಎಂಬಲ್ಲಿ ಮರಗಳ ಬಳಿ ನೀರಿನ ತೊಟ್ಟಿಗಳನ್ನಿಟ್ಟು, ಮಳೆ ಕಡಿಮೆಯಾಗಿ ಬಿಸಿ ಏರಿದಂತೆಲ್ಲ ಕೊಆಲಾಗಳು ಅವನ್ನು ಹೆಚ್ಚು ಬಳಸುವುದನ್ನು ಅವರ ತಂಡ 2019ರಲ್ಲಿ ವರದಿ ಮಾಡಿತು. ಮರುವರ್ಷದ ಇನ್ನೊಂದು ಪ್ರಬಂಧದಲ್ಲಿ, ಮಳೆ ಬರುವಾಗ ಕಾಂಡದ ಮೇಲೆ ಇಳಿಯುವ ನೀರನ್ನು ಕೊಆಲಾಗಳು ನೆಕ್ಕಿ ಕುಡಿಯುವುದನ್ನು ದಾಖಲಿಸಿದರು. ಅಂದರೆ ನೀರು ಅದಕ್ಕೆ ಯಾವಾಗಲೂ ಬೇಕಿತ್ತು. ಎಲೆಯಿಂದಲೋ ತೊಗಟೆಯಿಂದಲೋ ಸಿಗುತ್ತಿತ್ತು, ನಾವು ನೋಡಿರಲಿಲ್ಲ. ಪಾತ್ರೆಯಲ್ಲಿ ಕುಡಿಯದ ಪ್ರಾಣಿಗೆ ನೀರಿನ ಇಷ್ಟವಿಲ್ಲ ಎಂದು ಬರೆದವರು ಪ್ರಾಣಿಯನ್ನಲ್ಲ, ಪಾತ್ರೆಯನ್ನು ಅಳೆದಿದ್ದರು.

ಒಂದು ಮಾತು ಸೇರಿಸುತ್ತೇನೆ. ಕೊಆಲಾದ ಬಾಯಿಗೆ ಬಾಟಲಿ ಎತ್ತಿ ಸುರಿಯಬಾರದು. ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅಗಲವಾದ ಬಟ್ಟಲಿನಲ್ಲಿ ಹಾಕಿ, ನೆರಳಿನಲ್ಲಿಟ್ಟು, ದೂರ ಸರಿಯಬೇಕು.

ಪರ್ತ್: ಸಮುದ್ರದ ನೀರು ಕುಡಿದ ಪ್ರಾಣಿ

ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಹತ್ತಿರದಲ್ಲೇ ದ್ವೀಪಗಳಿದ್ದದ್ದು ಅದೃಷ್ಟ. ರಾಟ್‌ನೆಸ್ಟ್ ದ್ವೀಪದ ಕ್ವೊಕ್ಕಾ ಎಂಬ ಪುಟ್ಟ ಪ್ರಾಣಿಯ ಜೊತೆ ಫೋಟೊ ತೆಗೆಸಿಕೊಳ್ಳದ ಪರ್ತ್ ಕನ್ನಡಿಗರು ಅಪರೂಪ. ಅಮೆರಿಕದ ಜಾರ್ಜ್ ಬಾರ್ತೊಲೊಮ್ಯೂ 1956ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಡು ಬಿಸಿಯಲ್ಲಿ ಕ್ವೊಕ್ಕಾ ಜೊಲ್ಲು ಸುರಿಸಿ ಕಾಲು, ಬಾಲಗಳನ್ನು ನೆಕ್ಕಿ ಒದ್ದೆ ಮಾಡಿಕೊಳ್ಳುತ್ತದೆ. ಜೊಲ್ಲು ಆರುವಾಗ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೆಂಪು ಕಾಂಗರೂ ಮುಂಗೈಯನ್ನು ನೆಕ್ಕುವುದೂ ಇದಕ್ಕೇ. ರಕ್ತನಾಳಗಳು ಚರ್ಮಕ್ಕೆ ಹತ್ತಿರವಿರುವ ಜಾಗ ಅದು. ಇಂಥ ಪ್ರಾಣಿಗೆ ಕುಡಿದ ನೀರು ಬಾಯಾರಿಕೆಗೆ ಮಾತ್ರವಲ್ಲ, ಮೈಗೆ ಹಚ್ಚಿಕೊಳ್ಳಲೂ ಬೇಕು. ಅದು ಎಷ್ಟು ಕುಡಿಯಿತು ಎಂದು ಬರೆದು, ಎಷ್ಟು ನೆಕ್ಕಿಕೊಂಡಿತು ಎಂದು ಬರೆಯದ ಪ್ರಯೋಗ ಅಪೂರ್ಣ.

1968ರಲ್ಲಿ ಕಿನ್ನಿಯರ್, ಪುರೋಹಿತ್ ಮತ್ತು ಮೇನ್ ಎಂಬ ಮೂವರು ಟ್ಯಾಮರ್ ವಾಲಬಿ ಸಮುದ್ರದ ನೀರನ್ನು ಕುಡಿದು ಬದುಕಬಲ್ಲದೆಂದು ತೋರಿಸಿದರು. ಅದರ ಮೂತ್ರಪಿಂಡ ಅಷ್ಟು ಸಮರ್ಥ. ಪುರೋಹಿತ್ ಎಂಬ ಹೆಸರು ನೋಡಿ ನನಗೆ ಹೆಮ್ಮೆಯಾದದ್ದು ಸುಳ್ಳಲ್ಲ. ಈ ಪ್ರಬಂಧದ ಶೀರ್ಷಿಕೆ ಬಹಳ ಎಚ್ಚರದಿಂದ "ಕುಡಿಯುವ ಸಾಮರ್ಥ್ಯ" ಎಂದಷ್ಟೇ ಹೇಳುತ್ತದೆ. ಆಮೇಲೆ ಬಂದ ಜನಪ್ರಿಯ ಬರಹಗಳು ಅದನ್ನು "ಸಮುದ್ರದ ನೀರನ್ನೇ ಕುಡಿದು ಬದುಕುವ ಪ್ರಾಣಿ" ಎಂದು ಮಾಡಿಬಿಟ್ಟವು. ಬೇರೆ ನೀರಿಲ್ಲದಾಗ ತಾಳಬಲ್ಲದು ಎನ್ನುವುದಕ್ಕೂ ಅದನ್ನೇ ಬಯಸುತ್ತದೆ ಎನ್ನುವುದಕ್ಕೂ ಅಜಗಜಾಂತರ.

ಪಂಜರ ಬಿಟ್ಟು ಬಯಲಿಗೆ ಹೋದವರೂ ಇದ್ದಾರೆ. ಫಿಶರ್, ಲಿಂಡ್‌ಗ್ರೆನ್ ಮತ್ತು ಡಾಸನ್ 1972ರ ಪ್ರಬಂಧದಲ್ಲಿ ಆಸ್ಟ್ರೇಲಿಯದ ಮರುಭೂಮಿಯ ಹಕ್ಕಿಗಳು ನೀರಿಗೆ ಬರುವ ಬಗೆಯನ್ನು ವಿವರಿಸಿದರು. ಕೆಲವು ಜಾತಿಯ ಹಕ್ಕಿಗಳು ಹವೆ ಹೇಗಿದ್ದರೂ ನೀರಿಗೆ ಬರುತ್ತವೆ, ಕೆಲವು ಬಿಸಿ ಏರಿದಾಗ ಮಾತ್ರ ಬರುತ್ತವೆ. ಕಾಳು ತಿನ್ನುವ ಹಕ್ಕಿಗೆ ಆಹಾರದಲ್ಲಿ ನೀರಿಲ್ಲ, ಹುಳು ತಿನ್ನುವುದಕ್ಕೆ ಇದೆ. ನಮ್ಮ ಹಿತ್ತಲಿನ ಬಟ್ಟಲಿಗೆ ಬರುವ ಹಕ್ಕಿಗಳ ಲೆಕ್ಕದಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ.

ಆದರೆ ನೀರೊಂದೇ ಎಲ್ಲವನ್ನೂ ಕಾಯುವುದಿಲ್ಲ. 2010ರ ಜನವರಿ 6ರಂದು ಪಶ್ಚಿಮ ಆಸ್ಟ್ರೇಲಿಯದ ದಕ್ಷಿಣ ಕರಾವಳಿಯ ಹೋಪ್‌ಟೌನ್ ಸುತ್ತಮುತ್ತ ಬಿಸಿ ತಡೆಯಲಾರದೆ 200ಕ್ಕೂ ಹೆಚ್ಚು ಕಾರ್ನಬಿ ಕಪ್ಪು ಕಾಕಟೂಗಳು ಸತ್ತವು. ಅಳಿವಿನ ಅಂಚಿನಲ್ಲಿರುವ ಹಕ್ಕಿಗಳು, ಒಂದೇ ದಿನ. ಗಾಳಿಯೇ ಮೈಗಿಂತ ಬಿಸಿಯಾದಾಗ ಆಯ್ಕೆ, ಇಷ್ಟ ಎಂಬ ಮಾತುಗಳಿಗೆ ಅರ್ಥವೇ ಉಳಿಯುವುದಿಲ್ಲ.

ನಾಲಗೆಯ ಸಾಕ್ಷಿ ಎಷ್ಟು ನಂಬಬಹುದು?

ಹಾಗಾದರೆ ತಂಪಾದ ನೀರು ಏಕೆ ಅಷ್ಟು ಹಿತ? 1970ರಲ್ಲಿ ಮೆಂಡೆಲ್ಸನ್ ಮತ್ತು ಚಿಲ್ಲಾಗ್ ಒಂದು ಮೋಜಿನ ಪ್ರಯೋಗ ಮಾಡಿದರು. ಬಾಯಾರಿದ ಇಲಿಗಳು ಬರಿಯ ತಣ್ಣನೆಯ ಗಾಳಿಯ ಸೆಲೆಯನ್ನೇ ನೆಕ್ಕಿದವು. ಒಂದು ಹನಿ ನೀರೂ ಇಲ್ಲ, ನಾಲಗೆ ತಂಪಾಗುತ್ತಿತ್ತು, ಅಷ್ಟೆ. 2016ರಲ್ಲಿ ಕ್ಯಾಲಿಫೋರ್ನಿಯದ ಜಕಾರಿ ನೈಟ್ ಅವರ ಪ್ರಯೋಗಾಲಯ ಇದರ ಗುಟ್ಟನ್ನು ಮೆದುಳಿನೊಳಗೆ ಹುಡುಕಿತು. ಬಾಯಾರಿದ ಇಲಿಮರಿಯಂಥ ಮೌಸ್ ತಣ್ಣನೆಯ ಲೋಹದ ತುಂಡನ್ನು ನೆಕ್ಕಿದರೂ ಬಾಯಾರಿಕೆಯ ನರಕೋಶಗಳು ತಣ್ಣಗಾಗತೊಡಗುತ್ತವೆ. ರಕ್ತಕ್ಕೆ ನೀರು ಸೇರುವ ಮೊದಲೇ, ಸೇರದಿದ್ದರೂ ಕೂಡ.

ಮನುಷ್ಯರಲ್ಲೂ ಹಾಗೆಯೇ. ಬುಲ್ಜ್, ಮೊಂತಾಸ್ತ್ರುಕ್ ಮತ್ತು ಕಬನಾಕ್ 1983ರಲ್ಲಿ ಬೆವರಿ ಬಳಲಿದವರಿಗೆ ಬೇರೆಬೇರೆ ತಾಪದ ನೀರು ಕೊಟ್ಟು ನೋಡಿದರು. ಕೊರೆಯುವ ನೀರು ಹಿತವೆನಿಸಿದರೂ ಜನ ಹೆಚ್ಚು ಕುಡಿದದ್ದು 15 ಡಿಗ್ರಿಯ ಸುತ್ತಿನ ನೀರನ್ನು. ನಮ್ಮ ಮಣ್ಣಿನ ಮಡಕೆಯ ನೀರಿನ ತಂಪಿಗೆ ಅದು ಫ್ರಿಜ್ಜಿನ ನೀರಿಗಿಂತ ಹತ್ತಿರ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ, ಮಕ್ಕಳೂ ಹಾಕಬಹುದು. 5 ಡಿಗ್ರಿಯ ಒಂದು ಲೀಟರ್ ನೀರು ಮೈಯ 37 ಡಿಗ್ರಿಗೆ ಬರಲು 32 ಕಿಲೋಕ್ಯಾಲೊರಿ ಬಿಸಿ ಹೀರುತ್ತದೆ. ಅದೇ ಒಂದು ಲೀಟರ್ ನೀರು ಬೆವರಾಗಿ ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿಯನ್ನು ಹೊತ್ತೊಯ್ಯುತ್ತದೆ. ಹದಿನೆಂಟು ಪಟ್ಟು! ಒಂದು ಲೋಟ ಫ್ರಿಜ್ಜಿನ ನೀರಿನ ತಂಪು ಒಂದು ದೊಡ್ಡ ಚಮಚದಷ್ಟು ಬೆವರು ಆರಿದ್ದಕ್ಕೆ ಸಮ. ನಾಲಗೆ ಮೆಚ್ಚುವುದು ನೀರಿನ ತಂಪನ್ನು, ದೇಹ ದುಡಿಸಿಕೊಳ್ಳುವುದು ನೀರಿನ ಪ್ರಮಾಣವನ್ನು.

ತಾಪಮಾಪಕ ಹೇಳದ ಸಂಗತಿ

ಬೆವರು ಆರಿದರೆ ಎಂದೆ. ಆರುವುದು ಗಾಳಿಯ ಕೈಯಲ್ಲಿದೆ. ರಾಯಚೂರಿನಲ್ಲಿ ಮಡಕೆಯ ನೀರು ಕೊರೆಯುತ್ತದೆ, ಮಂಗಳೂರಿನಲ್ಲಿ ಅದೇ ಮಡಕೆ ಸಪ್ಪೆ. ಅಡಿಲೇಡ್ ಮತ್ತು ಪರ್ತ್ ನಮ್ಮ ಬಯಲುಸೀಮೆಯ ಕಡೆಯವು, ಬ್ರಿಸ್ಬೇನ್ ಕರಾವಳಿಯ ಕಡೆಯದು. ನೀರು ಚಿಮುಕಿಸಿ ತಂಪು ಮಾಡುವ ಕೂಲರುಗಳು ಅಡಿಲೇಡಿನ ಮನೆಗಳಲ್ಲಿ ಓಡಿ, ಬ್ರಿಸ್ಬೇನಿನಲ್ಲಿ ಓಡದಿರುವುದು ಇದಕ್ಕೇ.

ಕೆನಡಾದ ಆಟವಾದಲ್ಲಿ ಬೇನ್, ಲೆಸ್ಪೆರನ್ಸ್ ಮತ್ತು ಜೇ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಸೈಕಲ್ ತುಳಿಯುವವರಿಗೆ 1.5 ಡಿಗ್ರಿಯಿಂದ 50 ಡಿಗ್ರಿಯವರೆಗಿನ ನೀರು ಕುಡಿಸಿದರು. ಬೆವರು ಪೂರ್ತಿ ಆರುವಂಥ ಹವೆಯಲ್ಲಿ ಬಿಸಿನೀರು ಕುಡಿದವರ ಮೈಯಲ್ಲೇ ಕಡಿಮೆ ಬಿಸಿ ಉಳಿಯಿತು. ತಣ್ಣೀರು ಕುಡಿದಾಗ ಬೆವರು ಇಳಿಮುಖವಾಯಿತು, ಬಿಸಿನೀರು ಕುಡಿದಾಗ ಏರಿತು. ನಮ್ಮ ಬಿಸಿನೀರಿನ ಬಳಗಕ್ಕೆ ಇದು ಗೆಲುವಿನಂತೆ ಕಂಡೀತು. ಆದರೆ ಷರತ್ತನ್ನು ಮರೆಯಬಾರದು. ಬೆವರು ತೊಟ್ಟಿಕ್ಕಿ ಅಂಗಿಗೆ ಇಳಿಯುವ ಬ್ರಿಸ್ಬೇನಿನ ಫೆಬ್ರವರಿಯಲ್ಲಿ ಆ ಹೆಚ್ಚಿನ ಬೆವರು ಬರಿಯ ನಷ್ಟ.

ಆದ್ದರಿಂದ "30 ಡಿಗ್ರಿಯಲ್ಲಿ ಪ್ರಾಣಿ ಹೀಗೆ ಕುಡಿಯಿತು" ಎಂದು ಮಾತ್ರ ಬರೆದು ತೇವ, ನೆರಳು, ಗಾಳಿ ಯಾವುದನ್ನೂ ಹೇಳದ ವರದಿಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಂಬತ್ತು ವರ್ಷಗಳ ಹಿಂದೆ ಬ್ರಿಸ್ಬೇನಿನ ಬಿಸಿ ಕೋಣೆಯಲ್ಲಿ ತೋರಿದ ಎಚ್ಚರ ಇಂದಿನ ಎಷ್ಟೋ ಬರಹಗಳಲ್ಲಿ ಇಲ್ಲ.

ನಮ್ಮ ಮನೆಯ ಹಿರಿಯರು

ದನ, ಕುರಿ, ಕೊಆಲಾಗಳ ಮಾತು ಸಂಘದ ಸ್ಮರಣ ಸಂಚಿಕೆಗೆ ಏಕೆ ಎಂದು ಕೇಳುವವರಿಗೆ ಈಗ ಉತ್ತರ ಹೇಳುತ್ತೇನೆ. "ದೇಹ ಕೇಳಿದಾಗ ಕುಡಿದರೆ ಸಾಕು" ಎಂಬ ಮಾತಿನಿಂದ ನಮ್ಮಲ್ಲಿ ಹೆಚ್ಚು ಅಪಾಯಕ್ಕೆ ಸಿಲುಕುವವರು ಊರಿನಿಂದ ಬಂದ ನಮ್ಮ ತಂದೆತಾಯಿಗಳು.

1984ರಲ್ಲಿ ಫಿಲಿಪ್ಸ್ ಮತ್ತು ಸಂಗಡಿಗರು 67ರಿಂದ 75 ವರ್ಷದ ಆರೋಗ್ಯವಂತ ಗಂಡಸರನ್ನೂ ಯುವಕರನ್ನೂ 24 ಗಂಟೆ ನೀರಿಲ್ಲದೆ ಇರಿಸಿ, ಆಮೇಲೆ ಬೇಕಾದಷ್ಟು ಕುಡಿಯಲು ಬಿಟ್ಟರು. ಹಿರಿಯರಿಗೆ ಬಾಯಾರಿಕೆಯೇ ಅಷ್ಟಾಗಿ ಆಗಲಿಲ್ಲ. ಅವರ ರಕ್ತ ಯುವಕರದಕ್ಕಿಂತ ಹೆಚ್ಚು ಗಟ್ಟಿಯಾಗಿದ್ದರೂ ಅವರು ಕಡಿಮೆ ಕುಡಿದರು. ಇಲ್ಲಿ ಇಷ್ಟಕ್ಕೂ ಅಗತ್ಯಕ್ಕೂ ನಡುವಿನ ದಾರವೇ ಸಡಿಲವಾಗಿದೆ. ಬೇಸಿಗೆಯಲ್ಲಿ ತಲೆಸುತ್ತಿ ಬಿದ್ದು ಬಂದ ಹಿರಿಯರನ್ನು ನಾನು ಕೇಳಿದಾಗಲೆಲ್ಲ ಬಂದ ಉತ್ತರ ಹೆಚ್ಚುಕಡಿಮೆ ಒಂದೇ: "ಬಾಯಾರಿಕೆ ಆಗಲೇ ಇಲ್ವಲ್ಲ ಡಾಕ್ಟ್ರೇ."

ಇದಕ್ಕೆ ಬೇರೆ ಕಾರಣಗಳೂ ಸೇರುತ್ತವೆ. ರಕ್ತದೊತ್ತಡಕ್ಕೆ ನುಂಗುವ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುತ್ತವೆ. ಅಡಿಲೇಡಿನ ಒಣಹವೆಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ, "ಬೆವರೇ ಇಲ್ಲ, ಊರಿನಷ್ಟು ಸೆಕೆ ಇಲ್ಲ" ಎಂದು ಅವರು ಅಂದುಕೊಳ್ಳುತ್ತಾರೆ. ಮಕ್ಕಳಿಗೆ ಕರೆಂಟು ಬಿಲ್ಲು ಏರದಿರಲೆಂದು ಹಗಲೆಲ್ಲ ಏಸಿ ಆರಿಸಿ ಕೂರುತ್ತಾರೆ. ಇನ್ನೊಂದು ಕಾರಣವನ್ನು ಯಾವ ಪ್ರಬಂಧದಲ್ಲೂ ನಾನು ಓದಲಿಲ್ಲ, ತಾಯಂದಿರ ಬಾಯಲ್ಲಿ ಕೇಳಿದ್ದೇನೆ. ರಾತ್ರಿ ಏಳಬೇಕಾದೀತು, ಮಲಗಿರುವ ಮೊಮ್ಮಕ್ಕಳಿಗೆ ಎಚ್ಚರವಾದೀತು, ಹೊರಗೆ ಹೋದಾಗ ಎಲ್ಲಿ ಹುಡುಕುವುದು ಎಂದು ಅವರು ಬೇಕೆಂದೇ ಕಡಿಮೆ ಕುಡಿಯುತ್ತಾರೆ. ಪ್ರಾಣಿಯ ಕುಡಿತವನ್ನು ಬದಲಿಸುವ ಸುತ್ತಲ ಪರಿಸರವೆಂದರೆ ಬಿಸಿಲು ಮಾತ್ರ ಎಂದುಕೊಂಡರೆ ಈ ತಾಯಿ ನಮ್ಮ ಲೆಕ್ಕದಿಂದ ತಪ್ಪಿಹೋಗುತ್ತಾರೆ.

2019ರ ಜನವರಿ 24ರಂದು ಅಡಿಲೇಡ್ 46.6 ಡಿಗ್ರಿ ಮುಟ್ಟಿತು. 2022ರ ಜನವರಿಯಲ್ಲಿ ಪರ್ತ್ ಸತತ ಆರು ದಿನ 40 ಡಿಗ್ರಿ ದಾಟಿತು. ಇಂಥ ದಿನಗಳಿಗಾಗಿ ಮೇಲಿನ ಸಂಶೋಧನೆಗಳಿಂದ ಮನೆಗೆ ತರಬಹುದಾದ ಬುದ್ಧಿ ಇಷ್ಟು. ಹಿರಿಯರನ್ನು "ನೀರು ಬೇಕಾ?" ಎಂದು ಕೇಳಬೇಡಿ. ಹೊತ್ತು ಹೊತ್ತಿಗೆ ಲೋಟ ಕೈಗೆ ಕೊಡಿ. ಅವರಿಗೆ ಬಿಸಿನೀರು ರೂಢಿಯೆಂದರೆ ಬಿಸಿನೀರೇ ಆಗಲಿ, ಪಾನಕ, ಮಜ್ಜಿಗೆ ಯಾವುದಾದರೂ ಸರಿ. ಹೆಚ್ಚು ಕುಡಿಯುವಂತೆ ಮಾಡುವ ತಾಪವೇ ಸರಿಯಾದ ತಾಪ. ನೆರಳು ಮತ್ತು ಫ್ಯಾನಿಗೆ ಜಿಪುಣತನ ಬೇಡ. ಕ್ವೊಕ್ಕಾದಂತೆ ಮುಂಗೈ, ಕತ್ತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಗಾಳಿ ತಾಗಿಸಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇರುವವರು ಬೇಸಿಗೆಗೆ ಮುಂಚೆಯೇ ತಮ್ಮ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತು ಮಾಡಿಕೊಳ್ಳಲಿ. ಮಜ್ಜಿಗೆಗೆ ಉಪ್ಪು ಹಾಕುವ ಮೊದಲು ರಕ್ತದೊತ್ತಡದ ನೆನಪಿರಲಿ. ಮಾತು ತೊದಲಿದರೆ, ಗೊಂದಲ ಕಂಡರೆ ಕಾಯಬೇಡಿ, ಮೂರು ಸೊನ್ನೆಗೆ ಕರೆ ಮಾಡಿ.

ಈ ಎಲ್ಲ ಪ್ರಬಂಧಗಳ ಮೇಲೆ ನನ್ನ ತೀರ್ಪು ಹೀಗೆ: ಅಗತ್ಯವನ್ನು ಅಳೆದವರು ಚೆನ್ನಾಗಿ ಅಳೆದಿದ್ದಾರೆ, ಉಪಯೋಗವನ್ನು ಅಳೆದವರು ನೆರಳಿನ ಬೆಲೆಯನ್ನು ತೋರಿಸಿಕೊಟ್ಟಿದ್ದಾರೆ. ಇಷ್ಟವನ್ನು ಅಳೆದವರ ಕೆಲಸವೂ ಬೆಲೆಯುಳ್ಳದ್ದೇ, ಅದನ್ನು ಉಳಿದೆರಡರ ಜಾಗದಲ್ಲಿ ಕೂರಿಸದಿದ್ದರೆ. ಊರಿನಲ್ಲಿ ಚಳಿಗಾಲದ ಹಬ್ಬವಾದ ಸಂಕ್ರಾಂತಿ ನಮಗಿಲ್ಲಿ ನಡುಬೇಸಿಗೆಗೆ ಬರುತ್ತದೆ. ಈ ಸಲ ಸಂಘದ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲದ ಮೇಜಿನ ಪಕ್ಕ, ನೆರಳಿರುವ ಕಡೆ, ಒಂದು ಅರವಟ್ಟಿಗೆ ಇಡಬೇಕೆಂದು ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ. ಅಲ್ಲಿ ನಿಲ್ಲುವ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಒಂದೇ. ಮನೆಗೆ ಬಂದವರಿಗೆ ನಮ್ಮ ಅಜ್ಜಿಯರು ಬೇಕೋ ಬೇಡವೋ ಎಂದು ಕೇಳದೆ ಬೆಲ್ಲ, ನೀರು ತಂದಿಡುತ್ತಿದ್ದರು. ಹಾಗೆಯೇ ಕೊಡಿ.